ಆರು ಜನ ಮಾತ್ರ

'ಫಿಟ್‌ನೆಸ್ ಕೊಡಿ' ಅಂತ ಸರ್ಜನ್ನರ ಚೀಟಿ,
ನನ್ನ ಡ್ರಾಯರಿನಲ್ಲಿ ಅದು ಕಟ್ಟುಕಟ್ಟಾಗಿ ಬಿದ್ದಿದೆಯೋ ಎಂಬಂತೆ.
ಪರೇಲಿನ ಈ ಓಪಿಡಿಯ ಫ್ಯಾನು
ತಿರುಗುವುದಕ್ಕಿಂತ ಮಾತಾಡುವುದೇ ಹೆಚ್ಚು.
ಬೆಂಚಿನ ಮೇಲೆ ಹರ್ನಿಯಾ, ಪಿತ್ತಕೋಶ, ಮೊಣಕಾಲು,
ತಂತಮ್ಮ ಎದೆಯನ್ನು ಎಕ್ಸ್‌ರೇ ಲಕೋಟೆಯಲ್ಲಿ ಹಾಕಿ
ತೊಡೆಯ ಮೇಲಿಟ್ಟುಕೊಂಡು ಕೂತಿವೆ.

ಐತಪ್ಪ ದೇವಾಡಿಗ. ಎಪ್ಪತ್ತೊಂದು.
ದೊಡ್ಡ ಕರುಳಿನಲ್ಲಿ ಗಂಟು.
ಕೊಯ್ಯುವವರು ಬೇರೆ; ನಾನು ಕೇಳುವವಳು:
ಕೊಯ್ಯುವಾಗ ಎದೆ ತಡೆದೀತೇ?

ಎರಡು ಮಹಡಿ ಹತ್ತುತ್ತೀರಾ,
ನಡುವೆ ನಿಲ್ಲದೆ, ಏದುಸಿರು ಬಿಡದೆ?
ನಕ್ಕರು. 'ಮೂವತ್ತಾರು ವರ್ಷ ಡಾಕ್ಟ್ರೇ,
ದಿನಕ್ಕೆ ನೂರು ಸಲ ಐದು ಮಾಳಿಗೆ ಹತ್ತಿದ್ದೇನೆ,
ಸ್ಟೂಲಿನ ಮೇಲೆ ಕೂತು.'
ಬಲ್ಲಾರ್ಡ್ ಎಸ್ಟೇಟಿನ ಹಳೇ ಕಟ್ಟಡ,
ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ.
ಮನೆ ಭಾಂಡೂಪಿನ ಚಾಳು, ಅಲ್ಲೂ ಕೆಳಗಿನ ಖೋಲಿ.
ಹೀಗೆ ಒಂದು ಎದೆ ಇಡೀ ಆಯುಷ್ಯ
ಪ್ರಶ್ನೆಯೇ ಬಾರದೆ ಪಾಸಾಗುತ್ತ ಬಂದಿದೆ.

ಇಸಿಜಿ ಬಿಡಿಸಿದೆ. ಗೆರೆಯಲ್ಲೊಂದು ತಗ್ಗು,
ಎದೆಯ ಕೆಳಗೋಡೆಗೆ ಹಳೆಯ ಗಾಯ.
ಯಾವಾಗ?
'ಒಮ್ಮೆ ಗಣಪತಿ ಹೊತ್ತಿಗೆ ಹುಳಿತೇಗು ಬಂದಿತ್ತು.
ಎರಡು ದಿನ ಸೋಡಾ ಕುಡಿದೆ. ಡ್ಯೂಟಿ ಬಿಡಲಿಲ್ಲ.'

ಗಾಯಕ್ಕೆ ಒಂದು ಅಂಕ, ಇನ್ಸುಲಿನ್ನಿಗೆ ಒಂದು,
ಹೊಟ್ಟೆ ತೆರೆಯುವುದಕ್ಕೆ ಇನ್ನೊಂದು.
ಕಿಡ್ನಿ ಕೂದಲೆಳೆಯಲ್ಲಿ ಪಾರು.
ಆರಕ್ಕೆ ಮೂರು. ಶಾಲೆಯಲ್ಲಾದರೆ ಪಾಸು;
ಇಲ್ಲಿ ಸೊನ್ನೆ ಪಡೆದವನೇ ಜಾಣ.
ನೂರು ಜನರಲ್ಲಿ ಹತ್ತಕ್ಕಿಂತ ತುಸು ಮೇಲೆ, ಎಂದೆ,
ದನಿ ತಗ್ಗಿಸಿ, ದನಿ ತಗ್ಗಿದರೆ ಸಂಖ್ಯೆಯೂ ತಗ್ಗೀತೆಂಬಂತೆ.

'ಆ ಹತ್ತು ಜನ ಯಾರೆಂತ ಮೊದಲೇ ಗೊತ್ತಾಗುದಿಲ್ವಾ?'
ಇಲ್ಲ.
'ನಮ್ಮ ಲಿಫ್ಟಲ್ಲಿ ಬರೆದಿತ್ತು, ಆರು ಜನ ಮಾತ್ರ.
ಎಂಟು ಜನರನ್ನೂ ಒಯ್ದಿದ್ದೇನೆ, ಏನೂ ಆಗಲಿಲ್ಲ.
ಒಂದು ದಿನ ನಾಲ್ಕೇ ಜನ.
ಮೂರು ನಾಲ್ಕರ ನಡುವೆ ನಿಂತುಬಿಟ್ಟಿತು.
ಕತ್ತಲು. ಟೈಪಿಸ್ಟ್ ಹುಡುಗಿಯೊಬ್ಬಳು
ಪರ್ಸಿನಿಂದ ಕಡಲೆ ತೆಗೆದು ಹಂಚಿದಳು.'

ಬನ್ನಿ, ಎಂದೆ. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ
ಆಸ್ಪತ್ರೆಯ ಸವೆದ ಮೆಟ್ಟಿಲ ಬಳಿ ನಿಂತೆವು.
ಅವರು ಕಂಬಿ ಹಿಡಿದರು, ನಾನು ಅವರ ಬೆರಳು ನೋಡಿದೆ.
ಮೊದಲ ಮಹಡಿಯ ತಿರುವಿಗೆ ಎಡಗೈ ತಾನೇ ಎದ್ದು
ಇಲ್ಲದ ಜಾಲರಿ ಸರಿಸಿತು. 'ಒಂದು,' ಎಂದರು ಮೆಲ್ಲಗೆ,
ಯಾರೋ ಇಳಿಯುವವರಿದ್ದಾರೆಂಬಂತೆ.
ಎರಡನೆಯದರ ಅರ್ಧಕ್ಕೆ ನಿಂತರು.
ಕಿವಿಯ ಹಿಂದೆ ಬೆವರು. ನಾಡಿ ನೂರ ಮೂವತ್ತು.
'ನಿಮಗೂ ದಮ್ಮು ಹತ್ತಿದೆಯಲ್ಲ ಡಾಕ್ಟ್ರೇ.'
ಹತ್ತಿತ್ತು. ಐವತ್ತೆರಡು ನನಗೆ,
ಕ್ವಾರ್ಟರ್ಸಿನಲ್ಲಿ ಲಿಫ್ಟಿದೆ.
ಮೆಟ್ಟಿಲ ಮೇಲೆ ಇಬ್ಬರೂ ಕೂತೆವು.
ವಾರ್ಡ್‌ಬಾಯ್ ಒಬ್ಬ ದಾಟಿ ಹೋದ.

ಸ್ಟೆಂಟ್ ಹಾಕಿದರೆ ರಕ್ತ ತೆಳುವಾಗಿಸುವ ಮಾತ್ರೆ,
ಮಾತ್ರೆ ಇದ್ದರೆ ತಿಂಗಳುಗಟ್ಟಲೆ ಕಾಯಬೇಕು,
ಗಂಟಿಗೆ ಕಾದು ಅಭ್ಯಾಸವಿಲ್ಲ.
ಎಕೋ ಬರೆದೆ. ಐಸಿಯುನಲ್ಲೊಂದು ಮಂಚ,
ಮೂರು ದಿನ ಬೆಳಿಗ್ಗೆ ರಕ್ತ ಪರೀಕ್ಷೆ.
ಫಿಟ್ ಎಂಬ ಪದ ಬರೆಯಲಿಲ್ಲ.
'ಅಪಾಯ ಹೆಚ್ಚು; ತಿಳಿಸಿದೆ; ಒಪ್ಪಿದ್ದಾರೆ.'
ಕೆಳಗೆ ಅವರ ಸಹಿ, ಕನ್ನಡದಲ್ಲಿ,
ಐ ಅಕ್ಷರದ ಸುರುಳಿ ದೊಡ್ಡದು.

ಮಂಗಳವಾರ ಬೆಳಿಗ್ಗೆ ಟ್ರಾಲಿ.
ಹಸಿರು ಟೋಪಿಯ ಕೆಳಗೆ ಕನ್ನಡಕವಿಲ್ಲದ ಕಣ್ಣು.
ನಾನು ತಲೆಯ ಬದಿಗೆ, ಮಗಳು ಹೊರಗೆ ಉಳಿದಳು.
ಲಿಫ್ಟು ಮೂರನೆಯದಕ್ಕೆ ಏರಿ ನಿಂತಿತು,
ಚಕ್ರ ದಡಕ್ಕೆಂದಿತು.
ಮಲಗಿದಲ್ಲೇ ಕತ್ತು ಹೊರಳಿಸಿ
ಗುಂಡಿಯೊತ್ತುವ ಹುಡುಗನಿಗೆ ಮರಾಠಿಯಲ್ಲಿ ಹೇಳಿದರು:
ಒಂದಿಂಚು ಮೇಲೆ ನಿಲ್ಲಿಸಿದೆ, ಮಗಾ.
ಹೇಳಿಸಿ ಸರಿ ಮಾಡಿಸು.