ಅಳತೆಗೆ

ಬಟ್ಟೆಗೆ ಮರೆವುಂಟು.
ಹೊಲಿಗೆ ಬಿಚ್ಚಿ, ಉಗುರಲ್ಲಿ ನೀವಿ, ಇಸ್ತ್ರಿಯ ಬಿಸಿ ತೋರಿಸಿದರೆ
ಎಳೆ ಎಳೆಯ ಪಕ್ಕಕ್ಕೆ ಸರಿದು ಕೂತು
ನನಗೇನೂ ಆಗಿಲ್ಲ ಅನ್ನುತ್ತದೆ.
ಚರ್ಮ ಹಾಗಲ್ಲ.
ಒಮ್ಮೆ ಸೂಜಿ ಹೊಕ್ಕಲ್ಲಿ ತೂತು ತೂತೇ, ಎನ್ನುತ್ತಿದ್ದರು ಉಪ್ಪ.
ಅದಕ್ಕೇ ಚರ್ಮದ ಕೋಟು ಬಂದರೆ
ನಾನು ಕತ್ತರಿ ಮುಟ್ಟುವುದಿಲ್ಲ, ಮೊದಲು ಕನ್ನಡಕ ಒರೆಸುತ್ತೇನೆ.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ
ನಲವತ್ತು ವರ್ಷ ಕುಪ್ಯ ಹೊಲಿದವನು ನಾನು.
ಮದುಮಗನಿಗೆ ಬಿಳಿ, ಉಳಿದವರಿಗೆ ಕಪ್ಪು,
ಅರ್ಧ ತೋಳು, ಮೊಣಕಾಲು ದಾಟಿ ಒಂದೇ ಇಳಿತ.
ಅದು ನಿಲ್ಲುವವರ ಉಡುಪು.
ಬೋಜಕ್ಕಿ ಬುಲೆಟ್ಟಿನ ಹಿಂದೆ ಕಟ್ಟಿ ತಂದದ್ದು ಕೂರುವವರದು.

ಸೊಂಟಕ್ಕೇ ಮುಗಿಯುತ್ತದೆ, ಸೀಟಿನಲ್ಲಿ ಮುದುಡದಂತೆ.
ಬೆನ್ನಲ್ಲಿ, ಭುಜದ ಹಿಂದೆ, ಗುಟ್ಟಿನ ಮಡಿಕೆ ಒಂದೊಂದು:
ಕೈ ಚಾಚಿದರೆ ತೆರೆದು, ಹಿಂತೆಗೆದರೆ ಮುಚ್ಚುವುದು.
ಕಂಕುಳಲ್ಲಿ ಹಿತ್ತಾಳೆಯ ಕಣ್ಣುಗಳು, ಬೆವರಿಗೆ ದಾರಿ.
ಜಿಪ್ಪಿನ ಹಿಂದೆ ಇನ್ನೊಂದು ಪಟ್ಟಿ,
ಹಲ್ಲಿನ ಸಂದಿಯಲ್ಲಿ ನುಸುಳುವ ಗಾಳಿಗೆ ಎರಡನೇ ಬಾಗಿಲು.
ಎಡತೋಳಲ್ಲಿ ಪೆನ್ನಿಗೆಂದು ಸಣ್ಣ ಗೂಡು.
ಅಷ್ಟು ಮೇಲೆ ಹೋಗಿ ಏನು ಬರೆಯುತ್ತಿದ್ದರೋ, ಲೆಕ್ಕವೇ ಇರಬೇಕು.
ಒಂದೂ ಅಂದಕ್ಕೆಂದು ಇಟ್ಟದ್ದಲ್ಲ.
ಅದಕ್ಕೇ ಇಷ್ಟು ಅಂದ.

"ಅಪ್ಪನದು ಹಂಸಾಕ, ಏರ್‌ಫೋರ್ಸಿನದು.
ಹೊಸದು ಕೊಟ್ಟಾಗ ಹಳೆಯದನ್ನು ಮನೆಗೆ ತಂದಿಟ್ಟರಂತೆ.
ಹೊಟ್ಟೆಯ ಹತ್ತಿರ ಜೋಲುತ್ತದೆ, ಸ್ವಲ್ಪ ಹಿಡಿದುಕೊಡಿ.
ಆಮೇಲಾಮೇಲೆ ದಪ್ಪ ಆಗಿದ್ದರು ಕಾಣುತ್ತದೆ."

ಆಗಿರಬಹುದು, ಎಂದೆ.

ಅಂಗಡಿಯ ಬಾಗಿಲು ಅರ್ಧ ಎಳೆದು ಒಳಪದರ ಬಿಚ್ಚಿದೆ.
ನುಸಿಗುಳಿಗೆ, ಕಾಫಿ ಗೋದಾಮು, ಹಳೇ ಹೊಗೆ.
ಎರಡೂ ಪಕ್ಕ ಸೀಳಿ ಯಾರೋ ಬಟ್ಟೆ ಕೂಡಿಸಿದ್ದಾರೆ,
ಮೇಲೆ ಚೂಪು, ಕೆಳಗೆ ಅಗಲ.
ಬೆರಳಿಗೆ ತಾಗಿದ್ದೇ ಗೊತ್ತಾಯಿತು: ಕುಪ್ಯದ ಬಟ್ಟೆ.
ಒಳ್ಳೆಯ ಕುಪ್ಯವನ್ನೇ ಕತ್ತರಿಸಿದ್ದಾರೆ!
ಕೈಹೊಲಿಗೆ, ಸೊಟ್ಟ. ದರ್ಜಿಯದಲ್ಲ, ಅವಸರದವರದು.

ಒಂದು ಸಲದ್ದೂ ಅಲ್ಲ.
ಒಂದು ಸಾಲು ತೂತು. ಬೆರಳಗಲ ಬಿಟ್ಟು ಇನ್ನೊಂದು.
ಅಂಚಿಗೆ ಬಂದು ನಿಂತ ಮೂರನೆಯದು,
ಅದರಾಚೆ ಬಟ್ಟೆಯೇ ಇಲ್ಲ.

ದಪ್ಪವಾಗುವ ಗಂಡಸಿಗೆ ಮೊದಲು ಕತ್ತು ಬಿಗಿಯುತ್ತದೆ,
ಕಂಕುಳು ಪಿಸಿಯುತ್ತದೆ.
ಇಲ್ಲಿ ಭುಜ ಇದ್ದಂತೆ ಇದೆ, ಬೆನ್ನೂ.
ಬೆಳೆದದ್ದು ಮುಂದಕ್ಕೆ ಮಾತ್ರ.
ತೋಳಿಗೆ ಒಳಗಿನಿಂದ ಮೂರಂಗುಲ ಮಡಿಚಿ ಟಾಕಿ. ಗಿಡ್ಡ ಕೈಯವರು.
ಪೆನ್ನಿನ ಗೂಡು ಕೊಡವಿದೆ:
ತುಕ್ಕು ಹಿಡಿದ ಸೂಜಿ, ಬಾಲಕ್ಕೆ ಕಪ್ಪು ದಾರ.

ಮರುದಿನ ಟೇಪು ಹಿಡಿದು ಕೇಳಿದೆ,
ನೀವು ಹುಟ್ಟಿದ್ದು ಯಾವ ತಿಂಗಳು?
"ಫೆಬ್ರವರಿ. ಯಾಕೆ?"
ಅಳತೆಗೆ, ಎಂದೆ. ನಕ್ಕಳು.

ನವೆಂಬರು, ಡಿಸೆಂಬರು, ಜನವರಿ.
ಅಮ್ಮತ್ತಿಯ ಕಡೆ ಕಾಫಿ ಕಣದಲ್ಲಿ ರಾತ್ರಿ ಕಾವಲು;
ಆ ಚಳಿಗೆ ಗುಂಡಿ ಕೂಡುವ ಕೋಟು ಮನೆಯಲ್ಲಿ ಇನ್ಯಾವುದು ಇತ್ತು?
ಅವರು ಮೋಡದ ಮೇಲೆಲ್ಲೋ,
ಅವರ ಕೋಟು ಹರಡಿದ ಕಾಫಿಯ ಸುತ್ತ ಟಾರ್ಚು ಬೀಸುತ್ತ.

ಇದನ್ನೆಲ್ಲ ನಾನು ಹೇಳಲಿಲ್ಲ. ಊಹೆ ಹೊಲಿಯುವುದು ನನ್ನ ಕೆಲಸವಲ್ಲ.
ಒಳಮಗ್ಗುಲು ಮಗುಚಿ ದೀಪದ ಕೆಳಗಿಟ್ಟೆ.
ಅವಳು ಬೆರಳಿಟ್ಟಳು, ಒಂದನೇ ಸಾಲು, ಎರಡನೇ ಸಾಲು,
ಮೂರನೆಯದರಲ್ಲಿ ನಿಂತಳು.
ಹೊರಗೆ ಗೋಣಿಕೊಪ್ಪದ ಬಸ್ಸು ಎರಡು ಸಲ ಹಾರನ್ನು ಹೊಡೆಯಿತು.
"ಅಮ್ಮನಿಗೆ ಹೊಲಿಗೆ ಬರುತ್ತಿರಲಿಲ್ಲ," ಎಂದಳು.

ಹೌದು, ಬರುತ್ತಿರಲಿಲ್ಲ.

ಮತ್ತೆ ಹಿಡಿಯುವ ಮಾತು ಅವಳೂ ಎತ್ತಲಿಲ್ಲ.
ನುಸಿ ತಿಂದ ಮಣಿಕಟ್ಟಿಗೆ ಉಣ್ಣೆಯ ಹೊಸ ಪಟ್ಟಿ ಕೂಡಿಸಿದೆ,
ಜಿಪ್ಪಿನ ಹಲ್ಲಿಗೆ ಮೇಣ ಉಜ್ಜಿದೆ,
ಸೂಜಿಯನ್ನು ಅದರ ಗೂಡಿಗೆ ವಾಪಸು ಇಟ್ಟೆ.
ರಸೀತಿಯಲ್ಲಿ ಬರೆದೆ:
ಪಟ್ಟಿ ಎರಡು. ಮೇಣಕ್ಕೆ ಕಾಸಿಲ್ಲ.
ಪಕ್ಕದ ಹೊಲಿಗೆ: ಇದ್ದಂತೆ.