ಗಂಟು

ಗಾಡಿಕೊಪ್ಪದ ನಮ್ಮ ಸೈಟು, ನಂಬರು ನಲವತ್ತೊಂದು,
ಮೊದಲು ನೀಲಗಿರಿ ತೋಪಾಗಿತ್ತಂತೆ.
ಲೇಔಟು ಮಾಡುವಾಗ ಎಲ್ಲ ಕಡಿದು, ಬುಡ ಕಿತ್ತು,
ಹಿತ್ತಿಲ ಮೂಲೆಯದೊಂದು ಮರೆತರು.
ಮರೆತ ಬುಡ ಸುಮ್ಮನಿರುತ್ತದೆಯೇ?
ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಐದು ಕವಲೊಡೆದು
ಈಗ ತಂತಿ ಕಟ್ಟಲು ಬರುವಷ್ಟು ಗಟ್ಟಿ.

ಯುಗಾದಿ ಕಳೆದ ಮೇಲೆ ಮೊದಲು ನೋಡಿದ್ದು ದೊಡ್ಡಮ್ಮ.
ಹೊಸ ಚಿಗುರಿನ ನಡುನರದ ಮೇಲೆ, ತೊಟ್ಟಿನ ಮೇಲೆ
ಸಾಲುಸಾಲು ಉಬ್ಬು.
ಕೆಲವು ಹಸಿರು, ಕೆಲವು ಗುಲಾಬಿ,
ಕೆಲವಕ್ಕೆ ಹಳೇ ಅರಗಿನ ಹೊಳಪು.
ಎಲೆಗಳೋ, ಮೇಷ್ಟ್ರು ಹಿಂಡಿ ಬಿಟ್ಟ ಕಿವಿಗಳ ಹಾಗೆ.
"ಮರಕ್ಕೆ ಅಮ್ಮ ಆಗಿದಾಳೆ, ಯಾರೂ ಮುಟ್ಟಬೇಡಿ"
ಎಂದವಳೇ ಬೇವಿನ ಸೊಪ್ಪು ಸಿಕ್ಕಿಸಿ
ತಂತಿಯ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಹೋದಳು.
ಸಂಜೆ ಬುಡಕ್ಕೆ ಒಂದು ಚೊಂಬು ಮಜ್ಜಿಗೆ. ತಂಪಿಗೆ.

ಗೋಡೆಯಾಚೆಯಿಂದ ನಸೀಮಾ
"ಮಂಗನಬಾವು ಇರಬೇಕು ಕಣ್ರೀ" ಅಂತ ನಕ್ಕಿದ್ದು
ಮೂರನೇ ಮನೆ ಮುಟ್ಟುವಷ್ಟರಲ್ಲಿ ಮಂಗನ ಕಾಯಿಲೆಯಾಗಿ
ಮಾರನೇ ದಿನ ಆಶಾ ಕಾರ್ಯಕರ್ತೆ ಬಾಗಿಲಲ್ಲಿ, ಕೈಲಿ ರಿಜಿಸ್ಟರು,
"ಸತ್ತ ಮಂಗ ಎಲ್ಲಿ?"

ನಾನು ಮೆಗ್ಗಾನಿನ ಲ್ಯಾಬಿನವಳು.
ಹದಿನೇಳು ವರ್ಷ ಊರಿನ ಕಫ ನೋಡಿದ ಕಣ್ಣು.
ಇದೆ, ಇಲ್ಲ, ನಾಳೆ ಮತ್ತೊಮ್ಮೆ ತನ್ನಿ,
ನನ್ನ ವಿದ್ಯೆಯೆಲ್ಲ ಇಷ್ಟೇ ಮಾತು.
ಎರಡು ಎಲೆ ಟಿಫಿನ್ನಿನ ಮುಚ್ಚಳದಲ್ಲಿ ಒಯ್ದು
ಊಟದ ಹೊತ್ತಲ್ಲಿ, ಯಾರೂ ಇಲ್ಲದಾಗ,
ಬ್ಲೇಡಿನಿಂದ ಒಂದು ಉಬ್ಬು ಸೀಳಿದೆ.
ಕೀವಿಲ್ಲ. ಬೂಷ್ಟಿಲ್ಲ.
ಒಂದು ಕೋಣೆ.
ಗೋಡೆ ನುಣ್ಣಗೆ ಸಾರಿಸಿದಂತೆ, ಬಾಗಿಲು ಮಾತ್ರ ಇಲ್ಲ.
ಒಳಗೆ ಅಕ್ಕಿನುಚ್ಚಿಗಿಂತ ಚಿಕ್ಕ ಬಿಳಿ ಜೀವ
ಲೆನ್ಸಿನ ಬೆಳಕಿಗೆ ಒಮ್ಮೆ ಮಿಸುಕಿತು.
ಲ್ಯಾಬಿನ ತುಂಬ ನೀಲಗಿರಿ ವಾಸನೆ,
ಶೀತವಾದವರ ಮನೆಯ ಹಾಗೆ.
ತಟ್ಟದೆಯೇ ಯಾರದೋ ಬಚ್ಚಲಿಗೆ ನುಗ್ಗಿದಂತಾಗಿ
ಬ್ಲೇಡು ಒರೆಸಿಟ್ಟೆ.

ಉಳಿದ ಎಲೆ ಹಾರ್ಲಿಕ್ಸ್ ಬಾಟಲಿಗೆ,
ಬಾಯಿಗೆ ಹಳೇ ದುಪಟ್ಟಾದ ತುಂಡು, ರಬ್ಬರ್ ಬ್ಯಾಂಡು.
ತಂಗಿ ನಮ್ಮಲ್ಲಿ ಬಿಟ್ಟುಹೋದ ಮಗಳು ಹಂಸಿನಿ
ಶಾಲೆಯ ಚೀಲ ಇಳಿಸುವ ಮೊದಲೇ ಫ್ರಿಜ್ಜಿನ ಮೇಲೆ ಕಣ್ಣಿಟ್ಟು
ದಿನವೂ ಕೇಳುವಳು, "ಹುಟ್ಟಿತಾ?"
ಹನ್ನೊಂದನೇ ದಿನ ಗಂಟುಗಳಲ್ಲಿ
ಸೂಜಿ ಆಡಿದಂಥ ತೂತು.
ಗಾಜಿಗಂಟಿದ ಕಪ್ಪು ಧೂಳು,
ಊದಿದರೆ ನಡೆಯುವ ಧೂಳು.

ಪೇಪರ್ ಮಿಲ್ಲಿನ ತೋಪುಗಳಿಗೆ ವಾಚರಾಗಿದ್ದ ಹುಚ್ಚರಾಯಪ್ಪ
ಕನ್ನಡಕ ಹಣೆಗೇರಿಸಿ ಬಾಟಲಿಯನ್ನು ಕಿಟಕಿಗೆ ಹಿಡಿದ.
"ಗಂಟಿನ ಕಣಜ. ಮರ ಬಂದ ಎಷ್ಟೋ ವರ್ಷಕ್ಕೆ
ಅದರ ತವರಿಂದ ಕಡಲು ದಾಟಿ ಹುಡುಕ್ಕೊಂಡು ಬಂತು.
ಇದು ನರಕ್ಕೆ ಮೊಟ್ಟೆ ಚುಚ್ಚುತ್ತೆ ಅಷ್ಟೇ,
ಮನೆ ಕಟ್ಟಿಕೊಡೋದು ಮರವೇ.
ಇನ್ನೊಂದು ಗೊತ್ತಾ ಮೇಡಂ,
ಇದರಲ್ಲಿ ಗಂಡು ಸಿಗೋದೇ ಅಪರೂಪ.
ಹೆಣ್ಣು ಹೆತ್ತದ್ದೂ ಹೆಣ್ಣೇ. ಗಂಡಿನ ಹಂಗೇ ಇಲ್ಲ."
ಅಂದವನು ಥಟ್ಟನೆ ಚಹಾದ ಲೋಟಕ್ಕೆ ಮುಖ ಬಗ್ಗಿಸಿದ.
ಯಾರ ಮನೆಯಲ್ಲಿ ಕೂತಿದ್ದೇನೆಂದು ಆಗ ಹೊಳೆದಿರಬೇಕು:
ಬ್ರಹ್ಮಗಂಟು ಬಿಚ್ಚಿಟ್ಟು ಬಂದ ದೊಡ್ಡಮ್ಮ,
ಹಾಕಿಸಿಕೊಳ್ಳದ ನಾನು,
ಪೆನ್ಸಿಲ್ ಕಚ್ಚುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಹಂಸಿನಿ.

ದೊಡ್ಡಮ್ಮ ಬಾಟಲಿ ಇಸಕೊಂಡು
ತಿರುಗಿಸಿ ತಿರುಗಿಸಿ ನೋಡಿದಳು.
"ಹಂಗಾದ್ರೆ ನಾನು ಅಮ್ಮ ಅಂದಿದ್ದು
ಸುಳ್ಳೇನಲ್ಲ ಬಿಡು."

ಚಿಗುರು ಸವರಿ ಸುಟ್ಟುಬಿಡಿ ಎಂದು ಹೇಳಿ
ಹೋದ ಅವನು.
ನಾನು ಅಭ್ಯಾಸಬಲದಿಂದ ಚೀಟಿ ತುಂಬಿ ಅಂಟಿಸಿದೆ.
ಮಾದರಿ: ಎಲೆ. ಫಲಿತಾಂಶ: ಇದೆ. ಲಿಂಗ: ಹೆ.
ತಂದೆ ಅಥವಾ ಗಂಡನ ಹೆಸರು ಎಂಬಲ್ಲಿ
ಪೆನ್ನು ಒಂದು ಕ್ಷಣ ನಿಂತು ಮುಂದೆ ಹೋಯಿತು.

ಕತ್ತಿ ಗೋಡೆಯ ಮೇಲಿದೆ. ನಾಳೆ ನೋಡೋಣ.
ಇವತ್ತು ದೊಡ್ಡಮ್ಮ ತಾನಾಗಿ ಬಕೀಟು ಹೊತ್ತು
ಮೂವರ ಬಟ್ಟೆಯನ್ನೂ ಆ ತಂತಿಗೇ ಹರವಿದ್ದಾಳೆ.