ಎಡಗಡೆಯ ಪೆಡಲು

ಹತ್ತೊಂಬತ್ತು ವರ್ಷದಿಂದ ನಾನು ಎಡಗಡೆ ಕೂರುವವಳು.
ಕೈಗೆ ಸ್ಟಿಯರಿಂಗ್ ಇಲ್ಲ,
ಕಾಲಿಗೊಂದು ಬ್ರೇಕು,
ಪೀಣ್ಯದಲ್ಲಿ ವೆಲ್ಡ್ ಮಾಡಿಸಿದ ಕಂಬಿಯ ತುದಿಗೆ
ಅಂಗೈಯಗಲದ ರಬ್ಬರು.

ಕಲಿಯಲು ಬಂದವರು ರಸ್ತೆ ನೋಡುತ್ತಾರೆ.
ನಾನು ಅವರ ಮೊಣಕಾಲು ನೋಡುತ್ತೇನೆ.
ಬಸ್ಸಿನ ಬೆನ್ನು ಹತ್ತಿರ ಹತ್ತಿರ ಬಂದರೂ
ಆ ಮೊಣಕಾಲು ಅಲ್ಲಾಡದಿದ್ದರೆ
ನನ್ನ ಪಾದ ಆಗಲೇ ಇಳಿದಿರುತ್ತದೆ.

ಮೊನ್ನೆ ಗುರುವಾರ, ಮಹಾಲಕ್ಷ್ಮಿ ಲೇಔಟಿನ ಇಳಿಜಾರು.
ಜಯಶೀಲಮ್ಮ, ಮೂವತ್ತೆರಡು ವರ್ಷ ನರ್ಸಾಗಿದ್ದವರು,
ಅರವತ್ತೊಂದಕ್ಕೆ ಎಲ್ ಬೋರ್ಡು.
ನಾನು ಒತ್ತಿದೆ. ಕಾರು ಬಲಕ್ಕೆ ಎಳೆಯಿತು.
ಎಡಗಾಲಿಯೊಳಗೆ ಕಬ್ಬಿಣ ಕಬ್ಬಿಣವನ್ನು ಕಡಿದ ಸದ್ದು.
"ಅದಕ್ಕೆ ನೋವಿದೆ ಕಣಮ್ಮ," ಎಂದರು ಆಕೆ,
"ಇಂಥ ನರಳಾಟ ನಾನು ಕೇಳಿದೀನಿ."

ಕಾಮಾಕ್ಷಿಪಾಳ್ಯ, ಖುದ್ದೂಸರ ಗ್ಯಾರೇಜು.
ಹುಡುಗ ಯಾರದೋ ಎಫ್‌ಸಿಗೆ ಅಂತ ಹೋಗಿದ್ದ.
"ಇವತ್ತು ನೀವೇ ಹೆಲ್ಪರ್ರು ಮೇಡಂ."
ಹಿಂದಿನ ಚಕ್ರಕ್ಕೆ ಅರ್ಧ ಇಟ್ಟಿಗೆ,
ಮುಂದೆ ಜಾಕು, ಜಾಕನ್ನೂ ನಂಬದೆ ಒಂದು ಸ್ಟ್ಯಾಂಡು.
ಗಾಲಿ ಕಳಚಿದರೆ ಒಳಗೆ ಡಿಸ್ಕು:
ಎಷ್ಟೋ ವರ್ಷ ಉಜ್ಜಿ ಉಜ್ಜಿ ಗೆರೆಬಿದ್ದ
ಸ್ಟೀಲು ತಟ್ಟೆ.

ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದರು.
ಹೋಸಿನಲ್ಲಿ ನೇತಾಡಿಸಬಾರದಂತೆ,
ಎಳೆಗೂಸನ್ನು ಒಂದು ಕೈ ಹಿಡಿದು ಎತ್ತಿದ ಹಾಗೆ.

ಎರಡು ಪ್ಯಾಡನ್ನೂ ನನ್ನ ಅಂಗೈಗೆ ಹಾಕಿದರು.
ಹೊರಗಿನದು ಇನ್ನೂ ಕೊಬ್ಬರಿ ಮಿಠಾಯಿಯಷ್ಟು ದಪ್ಪ.
ಒಳಗಿನದು ಬರೀ ತಗಡು.
"ಪಿನ್ನು ಜಾಮ್ ಆಗಿತ್ತು, ಸರಿದಾಡ್ತಾ ಇರ್ಲಿಲ್ಲ.
ಪೂರ್ತಿ ಕೆಲಸ ಒಬ್ಬರ ತಲೆ ಮೇಲೆ.
ಬಗ್ಗಿ ನೋಡಿದೋರಿಗೂ ಹೊರಗಿಂದೇ ಕಾಣ್ಸೋದು,
ಎಲ್ಲಾ ಚೆನ್ನಾಗಿದೆ ಅಂದ್ಕೋತಾರೆ."
ನಾನು ಏನೂ ಹೇಳಲಿಲ್ಲ.
ಎದುರಿನ ಲೇತಿನಲ್ಲಿ ಯಾರೋ ಹಿತ್ತಾಳೆ ಕಡೆಯುತ್ತಿದ್ದರು.

ಪಿನ್ನು ಉಜ್ಜಿ, ಗ್ರೀಸು ಸವರಿ
(ಎಲ್ಲ ಗ್ರೀಸೂ ಒಂದಲ್ಲ, ಕೆಲವಕ್ಕೆ ರಬ್ಬರು ಊದಿಕೊಳ್ಳುತ್ತದೆ)
ಜೆ.ಸಿ. ರಸ್ತೆಯಿಂದ ನಾನು ತಂದ ಪೊಟ್ಟಣವನ್ನು
ಮೂಗಿನ ಹತ್ತಿರ ಹಿಡಿದು ಅಕ್ಷರ ಅಕ್ಷರ ಓದಿದರು.
"ಒರಿಜಿನಲ್ಲೇ. ಎಷ್ಟು ಕಿತ್ಕೊಂಡ?"

ಆಮೇಲೆ ಎಣ್ಣೆ. ಮೂರು ವರ್ಷದ್ದು, ಡಿಕಾಕ್ಷನ್ ಬಣ್ಣ.
ಮುಚ್ಚಿಟ್ಟರೂ ಗಾಳಿಯಿಂದ ನೀರು ಕುಡಿಯುತ್ತದಂತೆ;
ಬಿಸಿಯೇರಿದಾಗ ಆ ನೀರು ಆವಿ,
ಆವಿಯನ್ನು ಎಷ್ಟು ತುಳಿದರೇನು.

ನಾನು ಬಲಗಡೆ ಸೀಟಿಗೆ ಹತ್ತಿದೆ.
ಅವರು ಗಾಲಿಯ ಬಳಿ, ಕೈಯಲ್ಲಿ ಎಂಟರ ಸ್ಪ್ಯಾನರು,
ನಿಪ್ಪಲಿಗೊಂದು ಪೈಪು, ಪೈಪಿನ ಬಾಯಿಗೆ ಬಾಟಲಿ.

ಒತ್ತಿ.
ಒತ್ತಿದೆ.
ಹಿಡ್ಕೊಳಿ. ನಾನು ಮುಚ್ಚೋ ತನಕ ಬಿಡಬೇಡಿ.
ಹಿಡಿದೆ.
ಈಗ ಬಿಡಿ.

ಇವೇ ಮಾತನ್ನು ಸಾವಿರ ಜನಕ್ಕೆ ಹೇಳಿದ್ದೇನೆ,
ನನಗೆ ಯಾರೂ ಹೇಳಿರಲಿಲ್ಲ.
ಬಾಗಿ ನೋಡಿದರೆ ಬಾಟಲಿಯಲ್ಲಿ ಗುಳ್ಳೆ, ಒಂದು, ಇನ್ನೊಂದು:
ಗಾಳಿಪಟದ ಹಿಂದೆ ಓಡಿದ ಹುಡುಗ,
ಮೊಟ್ಟೆ ಟ್ರೇ ಹೇರಿದ ಸೈಕಲ್ಲು,
ಭಾಷ್ಯಂ ವೃತ್ತದ ಬಿಳಿ ನಾಯಿ,
ಫೋನಿನಲ್ಲಿ ನಗುತ್ತ ರಸ್ತೆಗಿಳಿದ ಆ ನೀಲಿ ಚೂಡಿದಾರ್.
ಇವರಾರಿಗೂ ನನ್ನ ಗುರುತಿಲ್ಲ.
ಆ ಹೊತ್ತು ಅವರ ಪಾಡಿಗೆ ಕಳೆಯಿತು.

ಗುಳ್ಳೆ ನಿಂತಿತು. ಎಣ್ಣೆ ಜೇನಿನ ಬಣ್ಣಕ್ಕೆ ತಿರುಗಿತು.
"ಹೊರಡೋ ಮುಂಚೆ ಮತ್ತೊಂದು ಸಲ ಪಂಪ್ ಮಾಡಿ.
ಪೆಡಲು ಗಟ್ಟಿ ನಿಲ್ಲೋ ತನಕ ಗೇರಿಗೆ ಕೈ ಹಾಕಬೇಡಿ.
ಹೊಸ ಪ್ಯಾಡು. ಇನ್ನೂರು ಕಿಲೋಮೀಟರು ಮೆತ್ತಗೆ."

ಮರುದಿನ ಜಯಶೀಲಮ್ಮ ಬಾನೆಟ್ಟಿಗೆ ಅಂಗೈ ಒತ್ತಿ,
ಜ್ವರ ನೋಡುವವರ ಹಾಗೆ, "ವಾಸಿಯಾಯ್ತಾ?" ಎಂದರು.
ಪಥ್ಯ ಇದೆ, ಎಂದೆ.

ಅದೇ ಇಳಿಜಾರು. ಗಲ್ಲಿಯಿಂದ ನುಗ್ಗಿದ ನೀರಿನ ಟ್ಯಾಂಕರು.
ಮೊಣಕಾಲು ಅಲ್ಲಾಡಿತು, ಆಕೆಯದೇ.
ಕಾರು ನಿಂತಿತು, ಅತ್ತಿತ್ತ ಎಳೆಯದೆ.
ನನ್ನ ಪಾದ ಪೆಡಲಿನ ಮೇಲೆ
ಒಂದು ಬೆರಳಿನಷ್ಟು ಎತ್ತರದಲ್ಲಿ
ಏನು ಮಾಡಬೇಕೋ ತಿಳಿಯದೆ ಹಾಗೇ ಇತ್ತು.